ಸೌನಾದಲ್ಲಿ ಎರಡು ಕಾರ್ಬ್ಯುರೇಟರು

ಫೆಬ್ರವರಿ ೧೦, ಶನಿವಾರ

ಕೆಂಪು ಚುಕ್ಕಿ ಬಂತು. ಅಂದ್ರೆ ಫೋನು ಕೇಳಿಸ್ಕೊಳ್ತಾ ಇದೆ. ಈ ಊರಲ್ಲಿ ಇದೊಂದಾದ್ರೂ ಕೇಳಿಸ್ಕೊಳ್ಳತ್ತಲ್ಲ, ಸಂತೋಷ.

ಆರೋಗ್ಯ ಕೇಂದ್ರದ ನರ್ಸು ಹೇಳಿದ್ದು ಡೈರಿ ಬರೀ ಅಂತ. "ಹೆಂಡ್ತಿ ಹೋದ್ಮೇಲೆ ಗಂಡಸ್ರು ಎಲ್ಲಾನೂ ಒಳಗೇ ಇಟ್ಕೊಂಡು ಕೊರಗ್ತಾರೆ ತಾರ್ಮೋ, ಹೊರಗೆ ಹಾಕು" ಅಂದ್ಲು. ನಾನು ಒಳಗಿಟ್ಕೊಳ್ಳೋ ಪೈಕಿ ಅಲ್ಲ ತಾಯಿ ಅಂತ ಸ್ವಲ್ಪ ವಿವರಿಸಿದೆ. ಮುಗಿಸಿ ಹೊರಗೆ ಬಂದ್ರೆ ಬಾಗಿಲಿಂದ ರಸ್ತೆ ತನಕ ರೋಗಿಗಳ ಸಾಲು. ಬರೆಯೋಕೆ ನನ್ನ ಕೈಗೆ ಯಾವಾಗ್ಲೂ ಗ್ರೀಸು ಮೆತ್ತಿರತ್ತೆ. ಅದಕ್ಕೇ ಮಾತಾಡ್ತೀನಿ. ಚಳಿಗಾಲ ಪೂರ್ತಿ ರಸ್ತೆ ಮೇಲಿನ ಹಿಮ ತಳ್ಳೋ ಲಾರಿ ಓಡಿಸ್ತೀನಿ, ಅಲ್ಲೂ ಒಬ್ಬನೇ ಮಾತಾಡ್ಕೊಂಡೇ ಹೋಗೋದು. ಹೊಸದೇನಲ್ಲ.

ನನ್ನ ಹೆಂಡ್ತಿ ವಿರ್ಪಿ ಹೋಗಿದ್ದು ಅಕ್ಟೋಬರಿನಲ್ಲಿ, ದಕ್ಷಿಣಕ್ಕೆ, ಟಾಂಪೆರೆ ಪಟ್ಟಣಕ್ಕೆ. ಜಗಳ ಗಿಗಳ ಏನಿಲ್ಲ. ಬೂಟಿನ ದಾರ ಕಟ್ಕೊಳ್ತಾ ಅಂದ್ಲು, "ಮದುವೆ ಆದಾಗಿಂದ ಈ ಮನೇಲಿ ನಾನು ಶುರು ಮಾಡಿದ ಒಂದು ಮಾತೂ ಕೊನೆ ಮುಟ್ಟಿಲ್ಲ, ತಾರ್ಮೋ." ಹಾಗೇನಿಲ್ಲ ಅಂತ ನಾನು ಉದಾಹರಣೆ ಸಮೇತ ಹೇಳ್ತಿರೋವಾಗ್ಲೇ ಬಸ್ಸು ಬಂದ್ಬಿಡ್ತು.

ಹೆಂಡ್ತಿ ಹೋದ್ಲು, ಅತ್ತೆ ಉಳಿದ್ರು. ಸೈಮಿ ಅತ್ತೆ ಇರೋದು ನಮ್ಮ ಅಂಗಳದ ಆ ತುದೀಲಿ, ಅವರದೇ ಪುಟ್ಟ ಮನೇಲಿ. ಶನಿವಾರ ನಾನು ಸೌನಾ, ಅಂದ್ರೆ ಬಿಸಿ ಆವಿಯ ಸ್ನಾನದ ಮನೆ, ಕಾಯಿಸಿದೆ ಅಂದ್ರೆ ಸಾಕು, ಟವಲು ಹೆಗಲಿಗೆ ಹಾಕ್ಕೊಂಡು ಹಾಜರು. ಮೊದಲ ಬಿಸಿ ಅವರದ್ದು, ಉಳಿದದ್ದು ನಂದು. ಒಂದ್ಸಲ ಮೆಲ್ಲಗೆ ಅಂದು ನೋಡಿದೆ, "ಅತ್ತೆ, ವಿಚ್ಛೇದನದ ಕಾಗದ ಪತ್ರ ಆದ್ಮೇಲೆ ನಾನು ಮಾಜಿ ಅಳಿಯ ಆಗ್ತೀನಲ್ವಾ?"

"ಮಾಜಿ ಗಂಡ ಅಂತ ಇರ್ತಾರಪ್ಪ. ಮಾಜಿ ಅತ್ತೆ ಅನ್ನೋದನ್ನ ಎಲ್ಲಾದ್ರೂ ಕೇಳಿದೀಯಾ?" ಅಂದು ಒಳಗೆ ಹೋಗಿ ಬಿಸಿ ಕಲ್ಲಿನ ಮೇಲೆ ಚೊಯ್ಯಂತ ನೀರು ಸುರಿದ್ರು.

ಇವತ್ತಿನ ವಿಷಯ ಏನಂದ್ರೆ, ವಿರ್ಪಿ ಅಮ್ಮನಿಗೆ ಫೋನ್ ಮಾಡಿದ್ಲು. ಟಾಂಪೆರೇಲಿ ಅಮ್ಮನಿಗೆ ಅಂತ ಒಂದು ಮನೆ ಗೊತ್ತು ಮಾಡಿದಾಳೆ, ಲಿಫ್ಟ್ ಇರೋದು. ಗುಡ್ ಫ್ರೈಡೇ ದಿನ ಕಾರು ತರ್ತಾಳಂತೆ. ಅತ್ತೆ ಒಂದು ಷರತ್ತು ಹಾಕಿದ್ರು: ಸತ್ತ ಮಾವ, ಓಯ್ವಾ ಮಾವನ ಹಳೇ ಸ್ನೋಮೊಬೈಲನ್ನ, ಹಿಮದ ಮೇಲೆ ಓಡೋ ಗಾಡೀನ, ತಾನೇ ಓಡಿಸ್ಕೊಂಡು ಮಾದೆ ಕೆರೆಗೆ ಹೋಗಿ, ಮೀನು ಹಿಡಿದು, ತಾನೇ ವಾಪಸ್ ಬಂದ್ರೆ ಇಲ್ಲೇ ಇರೋದು. ಬರೋಕಾಗ್ಲಿಲ್ಲ ಅಂದ್ರೆ ಲಿಫ್ಟು. ವಿರ್ಪಿ ತಕ್ಷಣ ಒಪ್ಪಿದ್ಲಂತೆ. ಒಪ್ಪದೇ ಏನು, ಮಾವ ಹೋದ್ಮೇಲೆ ನಾಲ್ಕು ಚಳಿಗಾಲದಿಂದ ಆ ಗಾಡಿ ಕೆಮ್ಮಿಯೂ ಇಲ್ಲ ಅಂತ ಅವಳಿಗೆ ಗೊತ್ತು.

"ನನ್ನ ಗಾಡೀಲಿ ನಾನೇ ಕರ್ಕೊಂಡು ಹೋಗ್ತೀನಲ್ಲ ಅತ್ತೆ" ಅಂದೆ.

"ಸೌದೆ ಹೊರೆ ಹಾಗೆ ಹಿಂದೆ ಕೂತು ಬರೋಳಲ್ಲ ನಾನು. ಅದನ್ನ ರಿಪೇರಿ ಮಾಡು."

ನಿಜ ಹೇಳ್ಬೇಕಂದ್ರೆ, ಹೋಗ್ಲಿ ಬಿಡು ಅನ್ನಿಸ್ತು. ಸೌನಾದ ಮೊದಲ ಬಿಸಿ ನಂದಾಗತ್ತೆ. ಆದ್ರೂ ನಾಳೆ ಗಾಡಿ ಮೇಲಿನ ತಾಡಪಾಲು ತೆಗೀತೀನಿ. ಮಾಡಿ ನೋಡ್ದೆ, ಆಗ್ಲಿಲ್ಲ ಅಂತ ಹೇಳೋಕೆ ಏನಾದ್ರೂ ಮಾಡಿರ್ಬೇಕಲ್ಲ.

ಫೆಬ್ರವರಿ ೧೧, ಭಾನುವಾರ

ತೆಗೆದೆ. ಹಳದಿ ಗಾಡಿ, ಸೀಟಿನ ಒಳಗೆ ಇಲಿ ಸಂಸಾರ ಮಾಡಿ ಹೋಗಿದೆ. ಎರಡು ಸಿಲಿಂಡರು, ಎರಡಕ್ಕೂ ಗಾಳಿ ಪೆಟ್ರೋಲು ಬೆರೆಸಿ ಕೊಡೋ ಒಂದೊಂದು ಕಾರ್ಬ್ಯುರೇಟರು, ಪಕ್ಕಪಕ್ಕದಲ್ಲಿ ಅಣ್ಣತಮ್ಮಂದಿರ ಥರ ಕೂತಿವೆ. ಸ್ಟಾರ್ಟ್ ಮಾಡೋ ದಾರ ಎಳೆದೆ. ಎಳೆದೆ. ಭುಜ ಕಿತ್ತು ಬರೋ ಹಾಗೆ ಎಳೆದೆ. ಕಿಟಕೀಲಿ ಅತ್ತೆ ಕಾಫಿ ಕುಡೀತಾ ಸಿನಿಮಾ ನೋಡೋ ಹಾಗೆ ನೋಡ್ತಿದ್ರು.

ಪ್ಲಗ್ ತೆಗೆದ್ರೆ ಎರಡೂ ಒಣ. ಕಿಡಿ ಚೆನ್ನಾಗೇ ಬರ್ತಿದೆ. ಅಂದ್ರೆ ಪೆಟ್ರೋಲು ಮೇಲೆ ಬರ್ತಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತಳದ ಬಟ್ಟಲು ಕಳಚಿದೆ. ದೇವರೇ, ಒಳಗೆ ಹಸಿರು ಹಲ್ವ. ನಾಲ್ಕು ಚಳಿಗಾಲ ನಿಂತ ಪೆಟ್ರೋಲು ಒಣಗಿ ಅಂಟಾಗಿದೆ. ಜೆಟ್ಟು ಅಂದ್ರೆ ಏನು, ಸೂಜಿ ಕಣ್ಣಿಗಿಂತ ಸಣ್ಣ ತೂತಿರೋ ಹಿತ್ತಾಳೆ ತಿರುಪು, ಪೆಟ್ರೋಲೆಲ್ಲಾ ಆ ತೂತಿಂದಾನೇ ಹೋಗ್ಬೇಕು. ಚಿಕ್ಕ ಜೆಟ್ಟು ನಿಂತಲ್ಲಿ ಗುರುಗುಟ್ಟೋಕೆ, ಬಟ್ಟಲಿನ ತಳದಲ್ಲಿರೋ ದೊಡ್ಡ ಜೆಟ್ಟು ಜೋರಾಗಿ ಓಡೋಕೆ. ಎರಡೂ ಮುಚ್ಚಿಹೋಗಿವೆ.

ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳ್ದೆ. ನಿದ್ದೆ ಹೋದ್ರು.

ಫೆಬ್ರವರಿ ೧೭, ಶನಿವಾರ

ಕ್ಲೀನಿಂಗು ಮುಗೀತು. ಸ್ಪ್ರೇ ಹೊಡೆದೆ, ಗಿಟಾರಿನ ತಂತಿ ತೂರಿಸಿ ಜೆಟ್ಟು ಬಿಡಿಸಿದೆ. ಬೆಳಕಿಗೆ ಹಿಡಿದ್ರೆ ತೂತಲ್ಲಿ ದುಂಡಗೆ ಒಂದು ನಕ್ಷತ್ರ ಕಾಣತ್ತೆ, ಅಷ್ಟು ಸ್ವಚ್ಛ. ಸೀಳು ಬಿಟ್ಟಿದ್ದ ಪೆಟ್ರೋಲ್ ಪೈಪೂ ಬದಲಾಯಿಸಿದೆ.

ಆಮೇಲೆ ಒಣಗಿಸೋಕೆ ಸೌನಾಗೆ ತಂದೆ. ಹೊರಗೆ ಮೂವತ್ತು ಡಿಗ್ರಿ ಮೈನಸ್ಸು, ಇನ್ನೆಲ್ಲಿ ಒಣಗಿಸೋದು? ನಮ್ಮಲ್ಲಿ ನೆಗಡಿಗೆ ಸೌನಾ, ಸೊಂಟನೋವಿಗೆ ಸೌನಾ, ಮುನಿಸಿಗೆ ಸೌನಾ, ನಮ್ಮಮ್ಮ ಹುಟ್ಟಿದ್ದೇ ಸೌನಾದಲ್ಲಿ. ಕಬ್ಬಿಣಕ್ಕೆ ಮಾತ್ರ ಬೇಡ ಅನ್ನೋಕೆ ಏನಿದೆ? ಮೇಲಿನ ಹಲಗೆ ಮೇಲೆ ಟವಲು ಹಾಸಿ ಇಬ್ಬರನ್ನೂ ಕೂರಿಸಿದೆ, ಬಲದವನು, ಎಡದವನು. ಕಲ್ಲಿಗೆ ನೀರು ಹಾಕಿದೆ. ಮೂವರೂ ಚೆನ್ನಾಗಿ ಬೆವರಿದ್ವಿ. ಮೈ ಒರೆಸ್ಕೊಂಡೆ, ಅವರನ್ನೂ ಒರೆಸಿದೆ, ಬಟ್ಟೆ ಬದಲಾಯಿಸೋ ಕೋಣೇಲೇ ಕೂತು ಜೋಡಿಸಿದೆ.

ಅತ್ತೆ ಬಂದು ಮೂಗು ಮುಚ್ಕೊಂಡ್ರು. "ನನ್ನ ಸೌನಾ ಪೆಟ್ರೋಲ್ ಬಂಕ್ ಆಯ್ತು. ಓಯ್ವಾ ಇದನ್ನ ಯಾವತ್ತೂ..." ಅಂತ ಏನೋ ಶುರು ಮಾಡಿದ್ರು. ಮಾವನ ಕಾಲ ಬೇರೆ ಅತ್ತೆ, ಈಗ ಇದನ್ನ ಮಾಡೋ ರೀತಿನೇ ಬೇರೆ ಅಂತ ಪೂರ್ತಿ ಹೇಳ್ದೆ.

ಫೆಬ್ರವರಿ ೧೮, ಭಾನುವಾರ

ಸ್ಟಾರ್ಟ್ ಆಯ್ತು. ಮೂರನೇ ಎಳೆತಕ್ಕೆ. ಅಂಗಳದಲ್ಲಿ ಬೆಕ್ಕಿನ ಹಾಗೆ ಗುರುಗುಟ್ಟಿತು. ಅತ್ತೆ ಚಪ್ಪಾಳೆ ತಟ್ಟಿದ್ರು, ಕೈಗವಸು ಹಾಕಿದ್ರಿಂದ ಸದ್ದು ಬರ್ಲಿಲ್ಲ.

ಮನೆ ಹತ್ರದ ಮಂಜುಗಟ್ಟಿದ ಕೆರೆ ಮೇಲೆ ಇಳಿಸಿ ಒಂದು ಸುತ್ತು ಹಾಕೋಣ ಅಂತ ಹೊರಟೆ. ಪೈನ್ ಮರಗಳ ಮೂಲೆ ಹತ್ರ ಜೋರಾಗಿ ಒತ್ತಿದೆ. ಬಲಗಡೆಯವನು ಕೈ ಕೊಟ್ಟ. ಆಮೇಲೆ ಪೂರ್ತಿ ಸತ್ತು ನಿಂತಿತು.

ನಡ್ಕೊಂಡು ಬಂದೆ. ದಾರಿ ಪೂರ್ತಿ ಮಾತಾಡೋಕೂ ಮನಸ್ಸಾಗ್ಲಿಲ್ಲ.

ಫೆಬ್ರವರಿ ೨೫, ಭಾನುವಾರ

ಈ ವಾರದ ಸಮಾಚಾರ. ನನ್ನ ಗಾಡೀಲಿ ಎಳ್ಕೊಂಡು ಬಂದು, ಕಾರ್ಬ್ಯುರೇಟರ್ ಬಿಚ್ಚಿ, ಸೌನಾಗೆ ತಂದು ಬೆಚ್ಚಗೆ ಮಾಡಿ ಕಳಚಿ ನೋಡಿದೆ. ಏನೂ ಇಲ್ಲ. ಚರ್ಚಿನ ಬೆಳ್ಳಿ ಬಟ್ಟಲಿನ ಹಾಗೆ ಫಳಫಳ ಅಂತಿದೆ. ಸರಿ, ಕಳ್ಳನ್ನ ಹೀಗೆ ಹಿಡಿಯೋಣ ಅಂತ ಬಲದ ಕಾರ್ಬ್ಯುರೇಟರನ್ನ ಎಡಕ್ಕೆ, ಎಡದ್ದನ್ನ ಬಲಕ್ಕೆ ಹಾಕಿದೆ. ತೊಂದರೆ ಕಾರ್ಬ್ಯುರೇಟರಿಂದಾದ್ರೆ ಅದರ ಜೊತೇಲೇ ಎಡಕ್ಕೆ ಹೋಗ್ಬೇಕು. ಹೋಯ್ತು, ಎಡಗಡೆ ಸತ್ತಿತು. ಸಿಕ್ಕಿಬಿದ್ದ ಅಂದ್ಕೊಂಡೆ. ಮತ್ತೆ ಬೆಚ್ಚಗೆ ಮಾಡಿ ತೊಳೆದು ಅದೇ ಜಾಗದಲ್ಲಿ ಹಾಕಿದೆ. ಈ ಸಲ ಬಲಗಡೆ ಸತ್ತಿತು. ಇದು ಇಂಜಿನ್ನಲ್ಲ, ದೆವ್ವ. ಪ್ರತಿ ಸಲವೂ ಅದೇ ಪೈನ್ ಮೂಲೆ, ಅಲ್ಲೇ ಅಲ್ವಾ ನಾನು ಜೋರು ಮಾಡೋದು.

ಹಿಮಸಾರಂಗ ಸಾಕೋ ಅಸ್ಲಾಕ್ ಇದಾನಲ್ಲ, ಪಕ್ಕದ ಮನೆಯವನು, ಅವನ ಅಂಗಳದಲ್ಲಿ ಇದೇ ಥರದ್ದು ಇನ್ನೊಂದು ಗಾಡಿ ತುಕ್ಕು ಹಿಡೀತಿದೆ. ಹೋದೆ. ನನ್ನ ಕಂಡ ಕೂಡ್ಲೇ ಅಡಿಗೆಮನೆ ದೀಪ ಆರಿತು. ಕಿಟಕಿ ಹತ್ರ ನಿಂತು ಹೇಳ್ದೆ, "ಅಸ್ಲಾಕ್, ನೀನು ಒಳಗಿದೀಯ ಅಂತ ಗೊತ್ತು. ಫ್ಲೋಟಿನ ಸೂಜಿ ಒಂದು ಬೇಕು, ಅಷ್ಟೇ." ಕತ್ತಲಿಂದ ಕೇಳ್ತು, "ತಗೊಂಡು ಹೋಗು. ಮಾತು ಬೇಡ." ಅಸ್ಲಾಕ್ ಮಟ್ಟಿಗೆ ಅದು ಭಾಷಣ.

ಬಟ್ಟಲಿಗೆ ಬರೋ ಪೆಟ್ರೋಲನ್ನ ಆ ಸೂಜಿ ತಡೀಬೇಕು, ನಮ್ಮದು ಸವೆದಿತ್ತು. ಹೊಸದು ಹಾಕಿದೆ. ನಾಳೆ ನೋಡ್ಬೇಕು.

ಫೆಬ್ರವರಿ ೨೬, ಸೋಮವಾರ

ಪೈನ್ ಮೂಲೆ. ಬಲ.

ಮಾರ್ಚ್ ೩, ಭಾನುವಾರ

ಪೆಟ್ರೋಲು ಪೂರ್ತಿ ಬಸಿದು ಹೊಸದು ಹಾಕಿದೆ. ನೀರು ಗೀರು ಇದ್ರೆ ಹೋಗ್ಲಿ ಅಂತ ಟ್ಯಾಂಕಿಗೆ ಸ್ಪಿರಿಟ್ಟೂ ಬೆರೆಸಿದೆ. ಫಿಲ್ಟರು ಹೊಸದು, ಪಂಪಿನ ಪೊರೆ ಹೊಸದು. ಶನಿವಾರದ ಸೌನಾದಲ್ಲಿ ಇಬ್ಬರಿಗೂ ಇನ್ನೂ ಜೋರು ಬಿಸಿ ಕೊಟ್ಟೆ. ಪೈನ್ ಮೂಲೆ.

ಸಂಜೆ ಹೊತ್ತಿನ ಪಾಳಿ ಬೇರೆಯವನಿಗೆ ಕೊಟ್ಟು ಬೆಳಗಿನದು ತಗೊಂಡಿದೀನಿ, ಗಾಡಿಗೆ ಹೊತ್ತು ಸಿಗ್ಲಿ ಅಂತ. ಗಾಡಿಗೋಸ್ಕರ ಅಷ್ಟೇ. ಬಿಚ್ಚಿದ ಕೆಲಸ ಅರ್ಧಕ್ಕೆ ಬಿಡೋ ಜಾಯಮಾನ ನಂದಲ್ಲ.

ಅತ್ತೆ ಈಗೀಗ ಕಾಫಿ ಫ್ಲಾಸ್ಕು ತಂದು ಶೆಡ್ಡಲ್ಲೇ ಕೂರ್ತಾರೆ, ಸಾರಂಗದ ಚರ್ಮ ಹಾಸ್ಕೊಂಡು, ಕಾಲುಚೀಲ ಹೆಣೀತಾ. "ಟಾಂಪೆರೇಲಿ ಮೀನು ಎಲ್ಲಿ ಹಿಡೀತಾರೆ?" ಅಂತ ಕೇಳಿದ್ರು.

"ಅಂಗಡೀಲಿ ಅತ್ತೆ."

"ಅಂಗಡಿಯೋನು ಹಿಡಿದಾಗ ಅದು ಒದ್ದಾಡ್ತಿತ್ತಾ ಅಂತ ಕೇಳಿದ್ರೆ ಹೇಳ್ತಾನಾ?"

ಇನ್ನೊಂದು ಸಾಲು ಹೆಣೆದು, "ಓಯ್ವಾ ಹೇಳ್ತಿದ್ದ, ಇದು ಹೊರಗಿನ ಪ್ರಾಣಿ, ಇದನ್ನ..." ಅಂದ್ರು. ಪ್ರಾಣಿ ಅನ್ನೋದು ಸರಿಯಾದ ಹೋಲಿಕೆ ಅಲ್ಲ ಅತ್ತೆ, ಯಾಕಂದ್ರೆ ಇಂಜಿನ್ನು ಅಂದ್ರೆ ಗಾಳಿ ಮತ್ತೆ ಪೆಟ್ರೋಲಿನ ಲೆಕ್ಕ ಅಂತ ನಾನು ಪಂಪಿಂದ ಶುರು ಮಾಡಿ ಸೈಲೆನ್ಸರ್ ತನಕ ತಿಳಿಸಿ ಹೇಳ್ದೆ. ಒಳ್ಳೇ ಹರಟೆ ಆಯ್ತು.

ಮಾರ್ಚ್ ೭, ಗುರುವಾರ

ಇವತ್ತು ನನಗೆ ಐವತ್ತು. ನಮ್ಮಲ್ಲಿ ಐವತ್ತಾದ್ರೆ ಊರಿಗೂರೇ ಕಾಫಿಗೆ ಬರತ್ತೆ. ಬರೋದು ಬೇಡ ಅಂದ್ರೆ ಪೇಪರಲ್ಲಿ 'ಆ ದಿನ ಪ್ರಯಾಣದಲ್ಲಿರುತ್ತೇನೆ' ಅಂತ ಒಂದು ಸಾಲು ಹಾಕಿಸ್ಬೇಕು. ನಾನು ಹಾಕಿಸ್ದೆ. ಒಂದು ಕುರ್ಚಿ ಖಾಲಿ ಇರೋ ಮನೆಗೆ ಕರೆದು, ಬಂದವರೆಲ್ಲ ಅದನ್ನೇ ನೋಡ್ತಾ ಕೇಕು ತಿನ್ನೋದು ಬೇಡ ಅನ್ನಿಸ್ತು. ಎಲ್ಲಿಗೂ ಹೋಗ್ಲಿಲ್ಲ. ಸೌನಾದ ಪಕ್ಕದ ಕೋಣೇಲಿ ಕಾರ್ಬ್ಯುರೇಟರ್ ಮುಂದಿಟ್ಕೊಂಡು ಕೂತಿದ್ದೆ.

ಬಾಗಿಲು ತೆಗೀತು. ಅತ್ತೆ. ಕೈಲಿ ಕೇಕು, ಮೇಲೆ ಹಳದಿ ಕ್ಲೌಡ್‌ಬೆರಿ ಹಣ್ಣಿನ ಜಾಮು.

"ಪ್ರಯಾಣ ಹೇಗಾಗ್ತಿದೆ ಅಳಿಯಂದ್ರೆ?"

"ಪರವಾಗಿಲ್ಲ ಅತ್ತೆ. ಹೋಟೆಲ್ಲು ಚಿಕ್ಕದು."

"ಊಟ ಚೆನ್ನಾಗಿದೆಯಂತೆ" ಅಂದು ಕೇಕು ಕೊಯ್ದ್ರು. ಇಬ್ಬರೂ ತಿಂದ್ವಿ. ಜಾಮು ಜೆಟ್ಟಿಗೆ ತಾಗಿತು, ಮತ್ತೆ ತೊಳೀಬೇಕು.

ವಿರ್ಪಿ ಮೆಸೇಜು ಕಳಿಸಿದ್ಲು. ಶುಭಾಶಯ, ಅಷ್ಟೇ. ನಾನು ಉತ್ತರ ಬರೆದೆ, ಉದ್ದ ಆಯ್ತು, ಅಳಿಸಿ 'ಥ್ಯಾಂಕ್ಸ್' ಅಂತ ಹಾಕಿದೆ.

ಮಾರ್ಚ್ ೧೪, ಗುರುವಾರ

(ಪಿಸುಮಾತಲ್ಲಿ.) ಗಂಟಲು ಹೋಯ್ತು. ನಿನ್ನೆ ಸೌನಾದಿಂದ ಬೆವರಲ್ಲೇ ಹೊರಗೆ ಓಡಿ ಬಂದು ಕಾರ್ಬ್ಯುರೇಟರ್ ಕೂರಿಸಿದ್ದಕ್ಕೆ. ನರ್ಸು ಒಂದು ವಾರ ಬಾಯಿ ತೆರೀಬೇಡ ಅಂದ್ಲು. ಹೇಳೋವಾಗ ಅವಳ ಮುಖದಲ್ಲಿ ಏನೋ ಕಳೆ ಇತ್ತು.

ಅಸ್ಲಾಕ್ ಕಾಫಿಗೆ ಬಂದಿದ್ದ. ಅವನಾಗೇ.

ಮಾರ್ಚ್ ೧೫, ಶುಕ್ರವಾರ

(ಪಿಸುಮಾತಲ್ಲಿ.) ಇಲ್ಲ. ಗಂಟಲು ಇನ್ನೂ ಬಂದಿಲ್ಲ.

ಮಾರ್ಚ್ ೧೬, ಶನಿವಾರ

(ಪಿಸುಮಾತಲ್ಲಿ.) ಸ್ವಲ್ಪ ಹೇಳ್ತೀನಿ, ಮರೆತುಹೋಗತ್ತೆ. ಅತ್ತೆ ಬಂದು ಶೆಡ್ಡಲ್ಲಿ ಕೂತ್ರು. ನಾನು ಬರೀ ತಲೆ ಆಡಿಸ್ತಿದ್ದೆ. ಮೊದಲು ಒಂದೊಂದೇ ಮಾತಾಡಿ ನಿಲ್ಲಿಸ್ತಿದ್ರು, ಎಲ್ಲಿ ನಾನು ಮಧ್ಯ ಬಾಯಿ ಹಾಕ್ತೀನೋ ಅಂತ ಕಾಯೋರ ಹಾಗೆ. ಹಾಕ್ಲಿಲ್ಲ. ಆಮೇಲೆ ಶುರು ಮಾಡಿದ್ರು ನೋಡಿ, ಕಾಲುಚೀಲದ ಹಿಮ್ಮಡಿ ಹೆಣೆದು ಮುಗಿಯೋ ತನಕ.

"ಓಯ್ವಾ ಇದನ್ನ ಒಳಗೆ ತರ್ತಾನೇ ಇರ್ಲಿಲ್ಲ. ಇದು ಹೊರಗಿನ ಪ್ರಾಣಿ, ಒಳಗೆ ಬಂದ್ರೆ ಬೆವರತ್ತೆ, ಬೆವರಿದ್ಮೇಲೆ ಹೊರಗೆ ಹೋದ್ರೆ ಹೆಪ್ಪುಗಟ್ಟತ್ತೆ ಅಂತಿದ್ದ. ಎಲ್ಲಿ ಸತ್ತಿತೋ ಅಲ್ಲೇ ಬಿಚ್ತಿದ್ದ, ಕೆರೆ ಮೇಲೇನೇ. ಬೆರಳು ಸೆಡೆತುಕೊಂಡ್ರೆ ನನ್ನ ಕಂಕುಳಿಗೆ ಕೈ ಹಾಕೋನು. ನಾನು ಕಿರುಚ್ತಿದ್ದೆ, ಅವನು ನಗ್ತಿದ್ದ. ಅದೇ ನಮ್ಮ ಹನಿಮೂನು." ಆಮೇಲೆ ಇನ್ನೂ ಹೇಳಿದ್ರು. ಟಾಂಪೆರೆ ಬಗ್ಗೆ ಹೆದರಿಕೆ ಇಲ್ಲ, ಲಿಫ್ಟೂ ಪರವಾಗಿಲ್ಲ, ಆದ್ರೆ ಅಲ್ಲಿ ಓಯ್ವಾನ ಹೆಸರು ಹೇಳಿದ್ರೆ ಯಾರು ಅಂತ ಕೇಳ್ತಾರೆ ಅಂದ್ರು.

ಬೆವರು. ಆ ಟವಲಿನ ಮೇಲೆ ಇಬ್ಬರೂ ಬೆವರ್ತಿದ್ದದ್ದು ನನಗೆ ಕಾಣ್ತಿತ್ತು. ಹೊರಗೆ ಒರೆಸ್ದೆ. ಒಳಗೆ ಯಾರು ಒರೆಸಿದ್ರು?

ಇವತ್ತು ಸೌನಾದಲ್ಲಿ ಬರೀ ಮನುಷ್ಯರು.

ಮಾರ್ಚ್ ೧೭, ಭಾನುವಾರ

(ಪಿಸುಮಾತಲ್ಲಿ.) ಬೆಳಿಗ್ಗೆ ಇಪ್ಪತ್ತಾರು ಮೈನಸ್ಸು. ಗಾಡಿ ತಗೊಂಡು ಹೋದೆ, ಪೈನ್ ಮೂಲೇಲಿ ಜೋರು ಮಾಡ್ದೆ, ಈ ಸಲ ಎಡಗಡೆ ಸತ್ತಿತು. ಇಷ್ಟು ಖುಷಿಯಿಂದ ಯಾವತ್ತೂ ಕೆಟ್ಟು ನಿಂತಿಲ್ಲ ನಾನು. ಅಲ್ಲೇ ಮಂಡಿ ಊರಿ, ಬರಿಗೈಲಿ ಎಡದ ಬಟ್ಟಲು ಕಳಚಿದೆ. ಪೆಟ್ರೋಲಿನ ತಳದಲ್ಲಿ, ದೊಡ್ಡ ಜೆಟ್ಟಿನ ಬಾಯಿಗೆ ಸರಿಯಾಗಿ, ಮಸೂರ ಬೇಳೆಯಷ್ಟು ಒಂದು ಮಂಜಿನ ಬಿಲ್ಲೆ. ಗಾಜಿನ ಹಾಗೆ. ನಿಂತಲ್ಲಿ ಗುರುಗುಟ್ಟೋವಾಗ ಅದು ತನ್ನ ಪಾಡಿಗೆ ಬಿದ್ದಿರತ್ತೆ, ಜೋರು ಮಾಡಿದ ಕೂಡ್ಲೇ ಪೆಟ್ರೋಲಿನ ಜೊತೆ ಎಳ್ಕೊಂಡು ಬಂದು ಬಾಯಿಗೆ ಬಿರಡೆ ಹಾಕತ್ತೆ. ನಾನು ಪ್ರತಿ ಸಲ ಸೌನಾಗೆ ಹೊತ್ತು, ಕಳ್ಳನ್ನ ಕರಗಿಸಿ, ಆಮೇಲೆ ಕಳ್ಳ ಎಲ್ಲಿ ಅಂತ ಹುಡುಕಿದೀನಿ. ಅಷ್ಟೇ ಅಲ್ಲ, ಇನ್ನೊಬ್ಬ ಹೊಸ ಕಳ್ಳನ್ನ ಒಳಗೆ ಕೂರಿಸಿ ಕಳ್ಸಿದೀನಿ.

ಬಿಲ್ಲೇನ ಅಂಗೈಲಿಟ್ಕೊಂಡು ಅತ್ತೆಗೆ ತೋರಿಸೋಕೆ ಓಡಿದೆ. ತಲುಪೋ ಹೊತ್ತಿಗೆ ಬರೀ ಒದ್ದೆ ಕೈ. ಅತ್ತೆ ಅದನ್ನೇ ತುಂಬಾ ಹೊತ್ತು ನೋಡಿದ್ರು. "ಇದೇನಾ?" ಅಂದ್ರು. ತಲೆ ಆಡಿಸ್ದೆ.

ಮಾರ್ಚ್ ೨೪, ಭಾನುವಾರ

ಗಂಟಲು ಬಂತು. ಶೆಡ್ಡಲ್ಲೇ, ಚಳೀಲೇ ಎರಡೂ ಕಾರ್ಬ್ಯುರೇಟರ್ ಬಿಚ್ಚಿ, ಸ್ಪಿರಿಟ್ಟಲ್ಲಿ ಜಾಲಾಡಿ, ಪಂಪಿಂದ ಗಾಳಿ ಊದಿ ಜೋಡಿಸಿದೆ. ಬೆರಳು ಸೆಡೆತುಕೊಂಡಾಗ ಅತ್ತೆ, "ನನ್ನ ಕಂಕುಳು ಕೇಳ್ಬೇಡ, ಫ್ಲಾಸ್ಕ್ ಹಿಡ್ಕೋ" ಅಂದ್ರು. ಗಾಡಿ ಪೈನ್ ಮೂಲೆ ದಾಟಿತು. ಮಾದೆ ಕೆರೆ ಅರ್ಧ ದಾರಿ ತನಕ ಹೋಗಿ ಬಂದೆ. ಕೊನೇ ತನಕ ಹೋಗೋದು ಅತ್ತೆ ಕೆಲಸ.

ವಿರ್ಪಿ ಫೋನ್ ಮಾಡಿದ್ಲು, ಶುಕ್ರವಾರ ಎಷ್ಟೊತ್ತಿಗೆ ಬರ್ತೀನಿ ಅಂತ ಹೇಳೋಕೆ. ಅದಾದ್ಮೇಲೆ ಆಸ್ಪತ್ರೇಲಿ ತಾನು ಮಾಡೋ ಕೆಲಸ, ಅಲ್ಲಿನ ಮನೆ, ಮೇಲಿನ ಮಹಡಿಯವರ ನಾಯಿ, ಏನೇನೋ ಹೇಳಿದ್ಲು. ಈ ನೆಟ್‌ವರ್ಕಿಗೆ ಏನೋ ಆಗಿದೆ. ಮಧ್ಯ ಮಧ್ಯ "ಹಲೋ, ಲೈನಲ್ಲಿದೀಯಾ?" ಅಂತ ಕೇಳ್ತಾನೇ ಇದ್ಲು. ಇದೀನಿ ಅಂದೆ. ನನಗೆ ಎಲ್ಲ ಸ್ಪಷ್ಟವಾಗೇ ಕೇಳ್ತಿತ್ತು. ಟವರಿನವರಿಗೆ ಒಂದು ಕಂಪ್ಲೇಂಟ್ ಕೊಡ್ಬೇಕು.

ಮಾರ್ಚ್ ೨೯, ಗುಡ್ ಫ್ರೈಡೇ

ಬೆಳಿಗ್ಗೆ ಹದಿನೆಂಟು ಮೈನಸ್ಸು, ಬಿಸಿಲು ಕಣ್ಣು ಕುಕ್ಕೋ ಹಾಗಿತ್ತು. ವಿರ್ಪಿ ಕಾರು ನಿಲ್ಲಿಸಿ ಇಳೀತಿದ್ದ ಹಾಗೇ ಅತ್ತೆ ಮಾವನ ಟೋಪಿ ಹಾಕ್ಕೊಂಡು ಶೆಡ್ಡಿಂದ ಬಂದ್ರು. ಮಂಜು ಕೊರೆಯೋ ಬೈರಿಗೆ, ಗಾಳ, ರೊಟ್ಟಿ ಗಂಟು. ದಾರ ತಾನೇ ಎಳೆದ್ರು. ಎರಡನೇದಕ್ಕೆ ಹತ್ಕೊಂಡಿತು. "ಲಿಫ್ಟಿಗೆ ನಮಸ್ಕಾರ ಹೇಳಮ್ಮ" ಅಂತ ಮಗಳ ಕಡೆ ಕೈ ಬೀಸಿ ಹೊರಟುಹೋದ್ರು.

ಆಗ ಈ ಫೋನನ್ನ ಆನ್ ಮಾಡಿ ಜೇಬಲ್ಲಿಟ್ಕೊಂಡಿದ್ದೆ, ಒಂದೊಂದೂ ವರ್ಣಿಸೋಣ ಅಂತ. ಈಗ ಹಾಕಿ ಕೇಳಿದ್ರೆ ಬರೀ ಇಂಜಿನ್ನು. ದೂರ ಹೋಗ್ತಾ ಹೋಗ್ತಾ ಸಣ್ಣಗಾಗತ್ತೆ, ಪೈನ್ ಮೂಲೆ ಹತ್ರ ಜೋರಾಗತ್ತೆ, ನಿಲ್ಲಲ್ಲ, ಆಮೇಲೆ ಬರೀ ಗಾಳಿ. ನನ್ನ ಒಂದು ಮಾತೂ ಇಲ್ಲ ಅದ್ರಲ್ಲಿ. ಮೈಕು ಕೆಟ್ಟಿರ್ಬೇಕು.

ನಾನೂ ವಿರ್ಪೀನೂ ಮೆಟ್ಟಿಲ ಮೇಲೆ ಕೂತು ಕಾದ್ವಿ. ಕಾಫಿ ಮಾಡಿದೆ, ಮತ್ತೆ ಮಾಡಿದೆ. "ನೀನೇ ಸರಿ ಮಾಡಿದ್ಯಾ ಅದನ್ನ?" ಅಂದ್ಲು. "ಇಲ್ಲ, ನಿಮ್ಮಪ್ಪ. ನಾನು ಬರೀ ತಿರುಪು ಬಿಗಿ ಮಾಡ್ದೆ." ಅವಳು ಅಪ್ಪನ ಬಗ್ಗೆ ಏನೋ ನೆನಪಿಸ್ಕೊಂಡು ಹೇಳೋಕೆ ಶುರು ಮಾಡಿದ್ಲು, ಚಿಕ್ಕೋಳಿದ್ದಾಗ ಆ ಗಾಡಿ ಹಿಂದೆ ಹಗ್ಗ ಹಿಡ್ಕೊಂಡು ಜಾರ್ತಿದ್ದದ್ದು. ಒಳ್ಳೇ ಕತೆ. ನಾನು ಈ ಮೊದಲು ಕೇಳೇ ಇರ್ಲಿಲ್ಲ.

ಮಧ್ಯಾಹ್ನ ಇಳಿದ್ಮೇಲೆ ಪೈನ್ ಮೂಲೆ ಕಡೆಯಿಂದ ಸದ್ದು ಬಂತು. ಇಬ್ಬರೂ ಎದ್ದು ನಿಂತ್ವಿ.

ಅತ್ತೆ ಅಂಗಳಕ್ಕೆ ತಂದು ನಿಲ್ಲಿಸಿದ್ರು. ಹುಬ್ಬೆಲ್ಲಾ ಬೆಳ್ಳಗೆ. ಸೀಟಿನ ಹಿಂದೆ ಚೀಲದಲ್ಲಿ ಮೀನು, ಒಂದು ಇನ್ನೂ ಒದ್ದಾಡ್ತಿತ್ತು. ವಿರ್ಪಿ ಕಾರಿನ ಡಿಕ್ಕಿ ತೆಗೆದು ಅಮ್ಮನ ಸಾಮಾನಿಗೆ ಅಂತ ತಂದಿದ್ದ ಖಾಲಿ ಪೆಟ್ಟಿಗೆ ಒಂದನ್ನ ಇಳಿಸಿ ಮೀನು ಹಾಕೋಕೆ ಕೊಟ್ಲು.

"ಎಲ್ಲಾ ಸರಿ. ಬರೋವಾಗ ಬಲಗಡೆಯವನು ಸ್ವಲ್ಪ ಕೆಮ್ಮಿದ" ಅಂದ್ರು ಅತ್ತೆ.

"ಎಂಥಾ ಕೆಮ್ಮು ಅತ್ತೆ?"

ಹೇಳಿದ್ರು. ಎಲ್ಲಿ ಕೆಮ್ಮಿದ, ಹೇಗೆ ಕೆಮ್ಮಿದ, ಏರಲ್ಲೋ ಇಳಿಜಾರಲ್ಲೋ, ಆಗ ಗಾಳಿ ಯಾವ ಕಡೆಯಿಂದ ಬರ್ತಿತ್ತು, ಓಯ್ವಾ ಇದ್ದಿದ್ರೆ ಏನನ್ನೋನು. ತುಂಬಾ ಹೊತ್ತು ಹಿಡೀತು, ಕೈಲಿದ್ದ ಕಾಫಿ ತಣ್ಣಗಾಯ್ತು.

ವಿರ್ಪಿ ನನ್ನೇ ನೋಡ್ತಿದ್ಲು. ಹತ್ರ ಬಂದು ಕೈಗವಸು ತೆಗೆದು ನನ್ನ ಹಣೆ ಮುಟ್ಟಿದ್ಲು. "ಹುಷಾರಾಗಿದೀಯಾ ತಾರ್ಮೋ?"

ಜ್ವರ ಏನಿಲ್ಲ ಅಂದೆ. ಆದ್ರೂ ಯಾಕೋ ಕೈ ತೆಗೀಲಿಲ್ಲ ಅವಳು.